ದುಂಡುಮೇಜಿನ ಸುತ್ತ ಎಂಟು ಮಂದಿ

ಎಂಟು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುವುದು ಮೊದಲ ನೋಟಕ್ಕೆ ಯಾವ ಕಷ್ಟವೂ ಇಲ್ಲದ ಕೆಲಸ. ಎಂಟು ಕುರ್ಚಿಗಳಿವೆ, ಎಂಟು ಜನರಿದ್ದಾರೆ. ಬಂದವರು ಬಂದಂತೆ ಕುಳಿತರೆ ಮುಗಿಯಿತು. ಆದರೆ ಯಾರ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕು ಎಂಬ ಮಾತು ಹುಟ್ಟಿದ ಕೂಡಲೇ ಕೆಲಸ ತೊಡಕಾಗುತ್ತದೆ. ಮದುವೆಯ ಮನೆಯಲ್ಲಿ ಎಲೆ ಹಾಕಿಸುವ ಹಿರಿಯರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಬೀಗರನ್ನು ಮೊದಲ ಪಂಕ್ತಿಯಲ್ಲಿಯೇ ಕೂರಿಸಬೇಕು. ಮಾತು ಬಿಟ್ಟ ದಾಯಾದಿಗಳನ್ನು ಅಕ್ಕಪಕ್ಕದಲ್ಲಿ ಕೂರಿಸಬಾರದು. ಕಣ್ಣು ಮಂಜಾದ ಅಜ್ಜನ ಬಳಿ ಯಾರಾದರೂ ಮೊಮ್ಮಕ್ಕಳು ಇರಬೇಕು. ಇವೆಲ್ಲವನ್ನೂ ಅವರು ಕಾಗದವಿಲ್ಲದೆ, ಲೇಖನಿಯಿಲ್ಲದೆ, ಕ್ಷಣಮಾತ್ರದಲ್ಲಿ ತಲೆಯಲ್ಲಿಯೇ ಹೊಂದಿಸಿಬಿಡುತ್ತಾರೆ. ಮೈಸೂರು ಅರಮನೆಯ ದಸರಾ ದರ್ಬಾರಿನಲ್ಲಿ ಯಾರ ಆಸನ ಎಲ್ಲಿ ಎಂಬುದು ಅವರವರ ಅಂತಸ್ತಿಗೆ ತಕ್ಕಂತೆ ಮೊದಲೇ ಗೊತ್ತಾಗಿರುತ್ತಿತ್ತು. ಊಟದ ಸಾಲಿನಲ್ಲಿ ಜಾತಿಯನ್ನು ನೋಡಿ ಜನರನ್ನು ಬೇರೆ ಬೇರೆ ಕೂರಿಸಿದ ಪಂಕ್ತಿಭೇದವನ್ನೂ ಈ ನಾಡು ಬಹುಕಾಲ ಕಂಡಿದೆ. ಆಸನದ ಪ್ರಶ್ನೆ ಎಂದೂ ಬರಿಯ ಲೆಕ್ಕದ ಪ್ರಶ್ನೆಯಾಗಿರಲಿಲ್ಲ. ಆದರೂ ಅದರೊಳಗೆ ಒಂದು ಲೆಕ್ಕವಿದೆ. ಆ ಲೆಕ್ಕ ಬಲು ಸೊಗಸಾದುದು.

ಮೈಸೂರು ಜಿಲ್ಲೆಯ ಪಶ್ಚಿಮಭಾಗದಲ್ಲಿ ಹುಣಸೂರು ಉಪವಿಭಾಗವಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಅದಕ್ಕೆ ಸೇರಿದ ತಾಲ್ಲೂಕುಗಳು. ಹುಣಸೂರು ಪಟ್ಟಣ ಲಕ್ಷ್ಮಣತೀರ್ಥ ನದಿಯ ದಡದಲ್ಲಿದೆ. ಪಿರಿಯಾಪಟ್ಟಣದ ಸೀಮೆ ಕೊಡಗಿನ ಗಡಿಗೆ ತಾಗಿಕೊಂಡಿದೆ. ಹಿಂದೆ ಎಡತೊರೆ ಎಂದು ಹೆಸರಾಗಿದ್ದ ಕೃಷ್ಣರಾಜನಗರದ ಸೀಮೆ ಕಾವೇರಿಯ ನೀರಿನಲ್ಲಿ ಭತ್ತ ಬೆಳೆಯುವ ನೆಲ. ಹೆಗ್ಗಡದೇವನಕೋಟೆ ಕಪಿಲೆಯ ನಾಡು, ಕಾಡಿನ ನಾಡು. ಅದರ ಆಚೆಗೆ ಕೇರಳ. ಆ ಭಾಗದ ಜನರು ಅದನ್ನು ಬರಿದೇ ಕೋಟೆ ಎಂದು ಕರೆಯುವುದುಂಟು.

ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಂದ ಒಬ್ಬೊಬ್ಬ ಹುಡುಗ, ಒಬ್ಬೊಬ್ಬ ಹುಡುಗಿ ರಸಪ್ರಶ್ನೆಯ ಸ್ಪರ್ಧೆಗಾಗಿ ಹುಣಸೂರಿಗೆ ಬಂದಿದ್ದಾರೆ ಎಂದು ಕಲ್ಪಿಸಿಕೊಳ್ಳಬಹುದು. ಮಧ್ಯಾಹ್ನದ ಊಟಕ್ಕೆ ಒಂದು ದುಂಡುಮೇಜು, ಎಂಟು ಕುರ್ಚಿಗಳು. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಆಗುವುದೇನೆಂದು ಎಲ್ಲ ಉಪಾಧ್ಯಾಯರಿಗೂ ತಿಳಿದಿದೆ: ತಮ್ಮ ಊರಿನವರ ಪಕ್ಕದಲ್ಲಿಯೇ ಕುಳಿತು, ತಮ್ಮ ಊರಿನ ಮಾತನ್ನೇ ಆಡಿ, ಬೇರೆ ತಾಲ್ಲೂಕಿನವರ ಪರಿಚಯವಿಲ್ಲದೆ ಬಸ್ಸು ಹತ್ತಿ ಹಿಂತಿರುಗುತ್ತಾರೆ. ಆದುದರಿಂದ ಒಂದೇ ತಾಲ್ಲೂಕಿನ ಇಬ್ಬರು ಅಕ್ಕಪಕ್ಕದಲ್ಲಿ ಕೂರಬಾರದೆಂದು ಉಪಾಧ್ಯಾಯರೊಬ್ಬರು ನಿಯಮ ಮಾಡುತ್ತಾರೆ. ಮರುದಿನ ಅವರೇ ತಮ್ಮ ಒಂಬತ್ತನೆಯ ತರಗತಿಯ ಕಪ್ಪುಹಲಗೆಯ ಮೇಲೆ ಆ ಊಟದ ಮೇಜನ್ನು ಒಂದು ಒಗಟಾಗಿ ಬರೆಯುತ್ತಾರೆ.

ಎಂಟು ಮಂದಿಯೂ ಮೇಜಿನ ಕಡೆಗೆ ಮುಖ ಮಾಡಿ ಕುಳಿತಿದ್ದಾರೆ. ಮೊದಲನೆಯ ಸುಳಿವು: ಒಬ್ಬ ಹುಡುಗ, ಒಬ್ಬ ಹುಡುಗಿ, ಮತ್ತೆ ಒಬ್ಬ ಹುಡುಗ ಎಂಬಂತೆ ಒಬ್ಬರನ್ನು ಬಿಟ್ಟು ಒಬ್ಬರು ಕುಳಿತಿದ್ದಾರೆ. ಎರಡನೆಯದು: ಒಂದೇ ತಾಲ್ಲೂಕಿನ ಇಬ್ಬರು ಅಕ್ಕಪಕ್ಕದಲ್ಲಿಲ್ಲ. ಮೂರನೆಯದು: ಹುಣಸೂರಿನ ಹುಡುಗಿಯ ಎದುರಿಗೆ ಕೆ.ಆರ್. ನಗರದ ಹುಡುಗಿ ಇಲ್ಲ. ನಾಲ್ಕನೆಯದು: ಕೋಟೆಯ ಹುಡುಗನ ಎಡಪಕ್ಕದಲ್ಲಿಯೇ ಹುಣಸೂರಿನ ಹುಡುಗಿ ಇದ್ದಾಳೆ. ಐದನೆಯದು: ಹುಣಸೂರಿನ ಹುಡುಗನ ಪಕ್ಕದಲ್ಲಿ ಕೋಟೆಯ ಹುಡುಗಿ ಇಲ್ಲ. ಹಾಗಾದರೆ ಯಾರು ಎಲ್ಲಿ ಕುಳಿತಿದ್ದಾರೆ?

ಒಗಟನ್ನು ಬಿಡಿಸಹೊರಡುವ ಮುನ್ನ ಅದರ ಮಾತುಗಳನ್ನು ಒಮ್ಮೆ ತೂಗಿ ನೋಡಬೇಕು. ಎದುರಿಗೆ ಎಂದರೆ ಮೇಜಿನ ನೇರ ಆಚೆಯ ಬದಿ. ಎಂಟು ಕುರ್ಚಿಗಳಿರುವಲ್ಲಿ ನಾಲ್ಕನೆಯ ಕುರ್ಚಿ, ಯಾವ ಕಡೆಯಿಂದ ಎಣಿಸಿದರೂ ಸರಿ. ಪಕ್ಕ ಎಂದರೆ ಎಡವೂ ಆಗಬಹುದು, ಬಲವೂ ಆಗಬಹುದು. ಎಡಪಕ್ಕ ಎಂಬಲ್ಲಿ ಮಾತ್ರ ಎಚ್ಚರ ಬೇಕು. ಕಾಗದದ ಮೇಲೆ ವೃತ್ತವನ್ನು ಬರೆದುಕೊಂಡು ಬಿಡಿಸುವವರು ಎಡ ಎಂದೊಡನೆ ಕಾಗದದ ಎಡಗಡೆಗೆ ಬೆರಳಿಡುತ್ತಾರೆ. ತಪ್ಪು ಅಲ್ಲಿಯೇ ಆರಂಭವಾಗುತ್ತದೆ. ಎಡ ಎನ್ನುವುದು ಕಾಗದದ ಎಡವಲ್ಲ, ಕುಳಿತವನ ಎಡ. ಇದನ್ನು ನೆನಪಿನಲ್ಲಿಡಲು ದೇವಾಲಯಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಗರ್ಭಗುಡಿಗೆ ಮುಖ ಮಾಡಿ ನಿಂತವರು ಪ್ರದಕ್ಷಿಣೆಗೆ ಹೊರಡುವಾಗ ತಮ್ಮ ಎಡಕ್ಕೆ ಹೆಜ್ಜೆಯಿಡುತ್ತಾರೆ. ಆದುದರಿಂದ ಮೇಜಿಗೆ ಮುಖ ಮಾಡಿ ಕುಳಿತವರ ಎಡಗಡೆ ಎಂದರೆ ಪ್ರದಕ್ಷಿಣೆಯ ದಿಕ್ಕು, ಗಡಿಯಾರದ ಮುಳ್ಳು ತಿರುಗುವ ದಿಕ್ಕು. ಬಲಗಡೆ ಎಂದರೆ ಅಪ್ರದಕ್ಷಿಣೆಯ ದಿಕ್ಕು.

ಇನ್ನು ಈ ಎಂಟು ಮಂದಿ ಎಷ್ಟು ಬಗೆಯಲ್ಲಿ ಕುಳಿತುಕೊಳ್ಳಬಹುದು ಎಂಬ ಪ್ರಶ್ನೆ. ನೆಟ್ಟನೆಯ ಸಾಲಿನಲ್ಲಾದರೆ ಮೊದಲ ಸ್ಥಾನಕ್ಕೆ ಎಂಟು ಮಂದಿಯಲ್ಲಿ ಯಾರಾದರೂ ಬರಬಹುದು. ಎರಡನೆಯದಕ್ಕೆ ಉಳಿದ ಏಳು ಮಂದಿಯಲ್ಲಿ ಒಬ್ಬರು. ಮೂರನೆಯದಕ್ಕೆ ಆರು ಮಂದಿಯಲ್ಲಿ ಒಬ್ಬರು. ಹೀಗೆ ಎಂಟರಿಂದ ಒಂದರವರೆಗಿನ ಸಂಖ್ಯೆಗಳನ್ನು ಗುಣಿಸಿದರೆ ೪೦,೩೨೦ ಬರುತ್ತದೆ. ಈ ಬಗೆಯ ಎಣಿಕೆಗೆ ಗಣಿತದಲ್ಲಿ ಕ್ರಮಯೋಜನೆ ಎಂದು ಹೆಸರು. ಭಾರತೀಯರಿಗೆ ಇದು ಹೊಸದಲ್ಲ. ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ಲೀಲಾವತಿಯಲ್ಲಿ ಇದಕ್ಕೆ ಅಂಕಪಾಶ ಎಂಬ ಪ್ರಕರಣವೇ ಇದೆ. ಶಂಭುವಿನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಅದಲುಬದಲು ಮಾಡಿದರೆ ಎಷ್ಟು ಮೂರ್ತಿಭೇದಗಳಾಗುತ್ತವೆ ಎಂದು ಅಲ್ಲಿ ಕೇಳಲಾಗಿದೆ. ಉತ್ತರ ೩೬,೨೮,೮೦೦. ಹರಿಯ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳನ್ನು ಹಾಗೆಯೇ ಬದಲಾಯಿಸಿದರೆ ೨೪. ಕೇಶವ, ನಾರಾಯಣ, ಮಾಧವ ಎಂದು ಮೊದಲಾಗುವ ವಿಷ್ಣುವಿನ ಇಪ್ಪತ್ತನಾಲ್ಕು ಮೂರ್ತಿಗಳು ಒಂದರಿಂದ ಒಂದು ಬೇರೆಯಾಗುವುದು ಈ ಅದಲುಬದಲಿನಿಂದಲೇ. ಹೊಯ್ಸಳರ ದೇವಾಲಯಗಳ ಗೋಡೆಗಳಲ್ಲಿ ವಿಷ್ಣುವಿನ ಮೂರ್ತಿಗಳನ್ನು ನೋಡುವವರು ಯಾವ ಕೈಯಲ್ಲಿ ಯಾವುದಿದೆ ಎಂದು ಗಮನಿಸಿದರೆ ಮೂರ್ತಿಯ ಹೆಸರನ್ನು ಗುರುತಿಸಬಹುದು. ಭಾಸ್ಕರನಿಗೂ ಮೊದಲು, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಇದರ ಸೋದರ ಪ್ರಶ್ನೆಯನ್ನು ಎತ್ತಿಕೊಂಡನು: ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ಅದಕ್ಕೆ ಎಲ್ಲ ಸಂದರ್ಭಗಳಿಗೂ ಸಲ್ಲುವ ಸೂತ್ರವನ್ನು ಅವನು ಕೊಟ್ಟಿದ್ದಾನೆ. ಆ ಸೂತ್ರದಂತೆ ಎಂಟು ಮಂದಿಯಲ್ಲಿ ಇಬ್ಬರ ಜೋಡಿಯನ್ನು ಆರಿಸುವ ಬಗೆಗಳು ೨೮.

ಸಾಲಿನ ಲೆಕ್ಕ ದುಂಡುಮೇಜಿಗೆ ಹಾಗೆಯೇ ಸಲ್ಲುವುದಿಲ್ಲ. ಸಾಲಿಗೆ ಮೊದಲಿದೆ, ಕೊನೆಯಿದೆ. ದುಂಡುಮೇಜಿಗೆ ಅವೆರಡೂ ಇಲ್ಲ. ಭಾರತದ ರಾಜ್ಯಾಂಗದ ಪ್ರಶ್ನೆಯನ್ನು ಚರ್ಚಿಸಲು ೧೯೩೦ರಿಂದ ೧೯೩೨ರವರೆಗೆ ಲಂಡನ್ನಿನಲ್ಲಿ ಮೂರು ಬಾರಿ ಸೇರಿದ ಸಭೆಗೆ ದುಂಡುಮೇಜಿನ ಪರಿಷತ್ತು ಎಂಬ ಹೆಸರು ಬಂದುದರಲ್ಲಿಯೂ ಈ ಅರ್ಥವಿದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಅದರಲ್ಲಿ ಭಾಗವಹಿಸಿದ್ದರು. ದುಂಡುಮೇಜಿನಲ್ಲಿ ತಲೆಯ ಸ್ಥಾನವೂ ಇಲ್ಲ, ಕಾಲಿನ ಸ್ಥಾನವೂ ಇಲ್ಲ. ಕುಳಿತವರೆಲ್ಲ ಸಮಾನರು ಎಂಬುದು ಆ ಹೆಸರಿನ ಇಂಗಿತ. ಅಲ್ಲಿ ನಿಜವಾಗಿ ಎಲ್ಲರೂ ಸಮಾನರಾಗಿದ್ದರೇ ಎಂಬುದು ಇತಿಹಾಸದ ಪಾಠಕ್ಕೆ ಸೇರಿದ ಮಾತು.

ಲೆಕ್ಕದಲ್ಲಿ ಈ ಸಮಾನತೆಯ ಪರಿಣಾಮ ಸ್ಪಷ್ಟವಾಗಿದೆ. ಎಂಟು ಮಂದಿಯೂ ಒಟ್ಟಿಗೆ ಎದ್ದು ತಮ್ಮ ಎಡಗಡೆಯ ಕುರ್ಚಿಗೆ ಸರಿದರೆ ಕುರ್ಚಿಗಳು ಬದಲಾದವೇ ಹೊರತು ಯಾರ ನೆರೆಯೂ ಬದಲಾಗಲಿಲ್ಲ, ಯಾರ ಎದುರೂ ಬದಲಾಗಲಿಲ್ಲ. ಇಂತಹ ಎಂಟು ಸರಿದಾಟಗಳು ಸೇರಿ ಒಂದೇ ಕೂಟವಾಗುತ್ತವೆ. ಆದುದರಿಂದ ೪೦,೩೨೦ನ್ನು ಎಂಟರಿಂದ ಭಾಗಿಸಬೇಕು; ಉಳಿಯುವುದು ೫,೦೪೦. ಇದನ್ನು ಇನ್ನೊಂದು ರೀತಿಯಲ್ಲಿಯೂ ಹೇಳಬಹುದು. ಯಾರಾದರೂ ಒಬ್ಬರನ್ನು ಮೊದಲು ಒಂದು ಕುರ್ಚಿಯಲ್ಲಿ ಕೂರಿಸಿ, ಅಲ್ಲಿಂದ ಎಣಿಸಲು ಆರಂಭಿಸಿದರೆ ಸಾಕು. ಇಲ್ಲಿ ಹುಣಸೂರಿನ ಹುಡುಗಿಯನ್ನು ೧ನೆಯ ಕುರ್ಚಿಯಲ್ಲಿ ಕೂರಿಸಿ, ಉಳಿದ ಕುರ್ಚಿಗಳಿಗೆ ಪ್ರದಕ್ಷಿಣೆಯಾಗಿ ೨ರಿಂದ ೮ರವರೆಗೆ ಸಂಖ್ಯೆ ಕೊಡಬಹುದು. ೮ರ ಎಡಗಡೆಗೆ ಮತ್ತೆ ೧ ಬರುತ್ತದೆ.

೫,೦೪೦ ಎಂಬುದು ಸಣ್ಣ ಸಂಖ್ಯೆಯಲ್ಲ. ನಿಮಿಷಕ್ಕೆ ಒಂದು ಚಿತ್ರದಂತೆ ಬರೆದು ಪರೀಕ್ಷಿಸಿದರೂ ಎಂಬತ್ತನಾಲ್ಕು ಗಂಟೆ ಬೇಕು. ಎಂದರೆ ಹಗಲಿರುಳು ಸೇರಿ ಮೂರೂವರೆ ದಿನ. ಸುಳಿವುಗಳ ಕೆಲಸ ಈ ಗುಡ್ಡವನ್ನು ಕರಗಿಸುವುದು.

ಮೊದಲನೆಯ ಸುಳಿವೇ ಬಹಳಷ್ಟನ್ನು ಕರಗಿಸುತ್ತದೆ. ೧ನೆಯ ಕುರ್ಚಿಯಲ್ಲಿ ಹುಡುಗಿ ಇರುವುದರಿಂದ ೩, ೫, ೭ರಲ್ಲಿಯೂ ಹುಡುಗಿಯರೇ ಇರಬೇಕು. ೨, ೪, ೬, ೮ರಲ್ಲಿ ಹುಡುಗರು. ಉಳಿದ ಮೂವರು ಹುಡುಗಿಯರನ್ನು ಆರು ಬಗೆಯಲ್ಲಿ ಕೂರಿಸಬಹುದು, ನಾಲ್ವರು ಹುಡುಗರನ್ನು ಇಪ್ಪತ್ತನಾಲ್ಕು ಬಗೆಯಲ್ಲಿ. ಆರನ್ನು ಇಪ್ಪತ್ತನಾಲ್ಕರಿಂದ ಗುಣಿಸಿದರೆ ೧೪೪. ಐದು ಸಾವಿರದ ನಲವತ್ತರಿಂದ ನೂರ ನಲವತ್ತನಾಲ್ಕಕ್ಕೆ ಇಳಿದುದಾಯಿತು.

ಎರಡನೆಯ ಸುಳಿವಿನಲ್ಲಿ ಒಗಟಿನ ಹೃದಯವಿದೆ. ಅದನ್ನು ಒಂದು ಉದಾಹರಣೆಯಿಂದ ನೋಡಬೇಕು. ಹುಡುಗಿಯರು ೧ರಲ್ಲಿ ಹುಣಸೂರು, ೩ರಲ್ಲಿ ಪಿರಿಯಾಪಟ್ಟಣ, ೫ರಲ್ಲಿ ಕೋಟೆ, ೭ರಲ್ಲಿ ಕೆ.ಆರ್. ನಗರ ಎಂಬ ಕ್ರಮದಲ್ಲಿ ಕುಳಿತಿದ್ದಾರೆ ಎಂದಿಟ್ಟುಕೊಂಡರೆ, ೨ನೆಯ ಕುರ್ಚಿ ಹುಣಸೂರಿನವಳಿಗೂ ಪಿರಿಯಾಪಟ್ಟಣದವಳಿಗೂ ನಡುವೆ ಬರುತ್ತದೆ. ಆದುದರಿಂದ ಆ ಎರಡು ತಾಲ್ಲೂಕುಗಳ ಹುಡುಗರು ಅಲ್ಲಿ ಕೂರುವಂತಿಲ್ಲ, ಕೂರಬಹುದಾದವರು ಕೆ.ಆರ್. ನಗರದವನು ಅಥವಾ ಕೋಟೆಯವನು. ಕೆ.ಆರ್. ನಗರದವನು ಕುಳಿತನೆನ್ನೋಣ. ೪ನೆಯ ಕುರ್ಚಿ ಪಿರಿಯಾಪಟ್ಟಣ ಮತ್ತು ಕೋಟೆಯ ಹುಡುಗಿಯರ ನಡುವಿನದು; ಅಲ್ಲಿಗೆ ಹುಣಸೂರಿನವನು ಅಥವಾ ಕೆ.ಆರ್. ನಗರದವನು ಬರಬೇಕು. ಕೆ.ಆರ್. ನಗರದವನು ಆಗಲೇ ೨ರಲ್ಲಿ ಕುಳಿತಿರುವುದರಿಂದ ಹುಣಸೂರಿನವನೇ ಬರಬೇಕು. ೬ನೆಯ ಕುರ್ಚಿ ಕೋಟೆ ಮತ್ತು ಕೆ.ಆರ್. ನಗರದ ಹುಡುಗಿಯರ ನಡುವಿನದು. ಹುಣಸೂರಿನವನಿಗೆ ಸ್ಥಳ ಸಿಕ್ಕಿರುವುದರಿಂದ ಅದು ಪಿರಿಯಾಪಟ್ಟಣದವನ ಪಾಲು. ೮ರಲ್ಲಿ ಕೋಟೆಯವನು. ಒಬ್ಬನನ್ನು ಕೂರಿಸಿದೊಡನೆ ಉಳಿದ ಮೂವರು ಸರಪಣಿಯ ಕೊಂಡಿಗಳಂತೆ ಒಬ್ಬರ ಹಿಂದೆ ಒಬ್ಬರು ತಮ್ಮ ತಮ್ಮ ಸ್ಥಾನಗಳಿಗೆ ಬಂದುಬಿಟ್ಟರು. ೨ರಲ್ಲಿ ಕೋಟೆಯವನನ್ನು ಕೂರಿಸಿ ನೋಡಿದರೂ ಹೀಗೆಯೇ ಆಗುತ್ತದೆ: ೮ರಲ್ಲಿ ಪಿರಿಯಾಪಟ್ಟಣದವನು, ೬ರಲ್ಲಿ ಹುಣಸೂರಿನವನು, ೪ರಲ್ಲಿ ಕೆ.ಆರ್. ನಗರದವನು. ಮೂರನೆಯ ಬಗೆಯೊಂದಿಲ್ಲ.

ಈ ಎರಡು ಬಗೆಗಳನ್ನು ನಿಧಾನವಾಗಿ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಮೊದಲನೆಯ ಬಗೆಯಲ್ಲಿ ಪ್ರತಿಯೊಬ್ಬ ಹುಡುಗನೂ ತನ್ನ ತಾಲ್ಲೂಕಿನ ಹುಡುಗಿಯ ಎಡಗಡೆಯ ಮೂರನೆಯ ಕುರ್ಚಿಯಲ್ಲಿದ್ದಾನೆ. ಹುಣಸೂರಿನವಳು ೧ರಲ್ಲಿ, ಹುಣಸೂರಿನವನು ೪ರಲ್ಲಿ, ಪಿರಿಯಾಪಟ್ಟಣದವಳು ೩ರಲ್ಲಿ, ಅವನು ೬ರಲ್ಲಿ, ಹೀಗೆಯೇ ಎಲ್ಲರೂ. ಎರಡನೆಯ ಬಗೆಯಲ್ಲಿ ಪ್ರತಿಯೊಬ್ಬನೂ ಬಲಗಡೆಯ ಮೂರನೆಯ ಕುರ್ಚಿಯಲ್ಲಿದ್ದಾನೆ. ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ಎಂಬ ಬೆರಕೆಗೆ ಅವಕಾಶವೇ ಇಲ್ಲ. ಹುಡುಗಿಯರ ಕ್ರಮ ಯಾವುದೇ ಆಗಿರಲಿ, ಸರಪಣಿ ಹೀಗೆಯೇ ಬಿಚ್ಚಿಕೊಳ್ಳುತ್ತದೆ. ಆದುದರಿಂದ ಮೇಜಿನಲ್ಲಿ ಇರುವುದು ಎಡಕೂಟ ಮತ್ತು ಬಲಕೂಟ ಎಂಬ ಎರಡೇ ಬಗೆ. ಹುಡುಗಿಯರ ಆರು ಕ್ರಮಗಳಿಗೆ ಎರಡೆರಡರಂತೆ ಒಟ್ಟು ಹನ್ನೆರಡು.

ಈ ಹನ್ನೆರಡಕ್ಕೆ ಒಂದು ಚರಿತ್ರೆಯಿದೆ. ಗಂಡಹೆಂಡಿರ ಜೋಡಿಗಳನ್ನು ದುಂಡುಮೇಜಿನ ಸುತ್ತ ಗಂಡಸರು ಹೆಂಗಸರು ಒಬ್ಬರನ್ನು ಬಿಟ್ಟು ಒಬ್ಬರಾಗಿ, ಯಾವ ದಂಪತಿಗಳೂ ಅಕ್ಕಪಕ್ಕದಲ್ಲಿ ಬಾರದಂತೆ, ಎಷ್ಟು ಬಗೆಯಲ್ಲಿ ಕೂರಿಸಬಹುದು ಎಂದು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲೂಕಾಸ್ ೧೮೯೧ರಲ್ಲಿ ಕೇಳಿದನು. ಕುರ್ಚಿಗಳನ್ನೂ ಬೇರೆ ಬೇರೆ ಎಂದು ಎಣಿಸಿದರೆ ಮೂರು ಜೋಡಿಗಳಿಗೆ ೧೨ ಬಗೆ, ನಾಲ್ಕು ಜೋಡಿಗಳಿಗೆ ೯೬, ಐದು ಜೋಡಿಗಳಿಗೆ ೩,೧೨೦. ಹುಣಸೂರಿನ ಮೇಜಿನ ಹನ್ನೆರಡನ್ನು ಎಂಟು ಕುರ್ಚಿಗಳಿಂದ ಗುಣಿಸಿದರೆ ಲೂಕಾಸನ ತೊಂಬತ್ತಾರು ಬರುತ್ತದೆ. ಪ್ರಶ್ನೆಯನ್ನು ಶಾಲೆಯ ಮಕ್ಕಳೂ ಅರ್ಥಮಾಡಿಕೊಳ್ಳಬಲ್ಲರು. ಆದರೂ ಎಷ್ಟೇ ಜೋಡಿಗಳಿಗಾದರೂ ಸಲ್ಲುವಂತೆ ಅದರ ನೇರ ಸೂತ್ರವನ್ನು ಫ್ರಾನ್ಸಿನವನೇ ಆದ ಜಾಕ್ ಟುಷಾರ್ ಪ್ರಕಟಿಸಿದುದು ೧೯೩೪ರಲ್ಲಿ.

ಮೂರನೆಯ ಸುಳಿವು ಮೌನವಾಗಿ ಕೆಲಸ ಮಾಡುವಂತಹುದು. ೧ರ ಎದುರಿಗಿರುವುದು ೫. ಅಲ್ಲಿ ಕೆ.ಆರ್. ನಗರದ ಹುಡುಗಿ ಇಲ್ಲ. ಹುಡುಗಿಯರ ಆರು ಕ್ರಮಗಳಲ್ಲಿ ಎರಡು ಹೋಗಿ ನಾಲ್ಕು ಉಳಿಯುತ್ತವೆ. ಒಟ್ಟಿನಲ್ಲಿ ಎಂಟು ಕೂಟಗಳು. ಇಲ್ಲ ಎನ್ನುವ ಸುಳಿವನ್ನು ಅನೇಕರು ಅಲಕ್ಷ್ಯ ಮಾಡುತ್ತಾರೆ. ಇಂಥವರು ಇಲ್ಲಿದ್ದಾರೆ ಎಂದರೆ ಚಿತ್ರದಲ್ಲಿ ಒಂದು ಹೆಸರನ್ನು ಬರೆಯಬಹುದು. ಇಲ್ಲಿಲ್ಲ ಎಂದರೆ ಬರೆಯುವುದೇನನ್ನು? ಬರೆಯಬೇಕು, ಆ ಕುರ್ಚಿಯ ಪಕ್ಕದಲ್ಲಿ ಸಣ್ಣದೊಂದು ಅಡ್ಡಗೀಟನ್ನಾದರೂ ಎಳೆದಿಡಬೇಕು. ಅದನ್ನು ಮರೆತವರು ಕೊನೆಗೆ ಪರದಾಡುತ್ತಾರೆ.

ನಾಲ್ಕನೆಯ ಸುಳಿವಿನಂತೆ ಕೋಟೆಯ ಹುಡುಗನ ಎಡಪಕ್ಕದಲ್ಲಿ ೧ನೆಯ ಕುರ್ಚಿ ಇರಬೇಕು. ಪ್ರದಕ್ಷಿಣೆಯ ದಿಕ್ಕಿನಲ್ಲಿ ೧ಕ್ಕೆ ಹಿಂದಿನದು ೮. ಆದುದರಿಂದ ಅವನು ೮ರಲ್ಲಿದ್ದಾನೆ. ಈಗ ಎಡಕೂಟ, ಬಲಕೂಟಗಳ ವಿಚಾರ ಉಪಯೋಗಕ್ಕೆ ಬರುತ್ತದೆ. ಎಡಕೂಟವಾದರೆ ಕೋಟೆಯ ಹುಡುಗಿ ೫ರಲ್ಲಿರಬೇಕು, ಏಕೆಂದರೆ ೫ರ ಎಡಗಡೆಯ ಮೂರನೆಯ ಕುರ್ಚಿ ೮. ಉಳಿದ ೩ ಮತ್ತು ೭ರಲ್ಲಿ ಪಿರಿಯಾಪಟ್ಟಣ, ಕೆ.ಆರ್. ನಗರಗಳ ಹುಡುಗಿಯರು ಹೇಗೆ ಬೇಕಾದರೂ ಕೂರಬಹುದು; ಎರಡು ಬಗೆ. ಬಲಕೂಟವಾದರೆ ಕೋಟೆಯ ಹುಡುಗಿ ೩ರಲ್ಲಿರಬೇಕು. ಉಳಿದವು ೫ ಮತ್ತು ೭. ಮೂರನೆಯ ಸುಳಿವು ಕೆ.ಆರ್. ನಗರದವಳನ್ನು ೫ರಿಂದ ದೂರವಿರಿಸಿರುವುದರಿಂದ ಅವಳು ೭ರಲ್ಲಿ, ಪಿರಿಯಾಪಟ್ಟಣದವಳು ೫ರಲ್ಲಿ, ಒಂದೇ ಬಗೆ. ಎರಡೂ ಸೇರಿ ಮೂರು ಕೂಟಗಳು ಉಳಿದವು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಉಪಾಧ್ಯಾಯರು ಅವಸರದಲ್ಲಿ ಐದನೆಯ ಸುಳಿವನ್ನು ಬರೆಯಲು ಮರೆತು, ನಾಲ್ಕನ್ನು ಮಾತ್ರ ಹಲಗೆಯ ಮೇಲೆ ಬರೆದರೆಂದು ಊಹಿಸಿದರೆ ತರಗತಿಯಲ್ಲಿ ನಡೆಯುವುದೇನು? ಮುಂದಿನ ಬೆಂಚಿನ ಹುಡುಗನೊಬ್ಬ ಬೇಗನೆ ಒಂದು ಕೂಟವನ್ನು ಬರೆದು ಕೈಯೆತ್ತುತ್ತಾನೆ. ಅವನ ಚಿತ್ರದಲ್ಲಿ ೫ರಲ್ಲಿ ಕೋಟೆಯ ಹುಡುಗಿ, ೩ರಲ್ಲಿ ಪಿರಿಯಾಪಟ್ಟಣದವಳು. ನಾಲ್ಕು ಸುಳಿವುಗಳನ್ನೂ ಒಂದೊಂದಾಗಿ ಹೊಂದಿಸಿ ತೋರಿಸುತ್ತಾನೆ, ಯಾವುದಕ್ಕೂ ಭಂಗವಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ತನ್ನ ಉತ್ತರ ಬೇರೆಯಾಗಿದೆ ಎನ್ನುತ್ತಾಳೆ. ಅವಳ ಚಿತ್ರದಲ್ಲಿ ೩ರಲ್ಲಿ ಕೋಟೆಯ ಹುಡುಗಿ, ೫ರಲ್ಲಿ ಪಿರಿಯಾಪಟ್ಟಣದವಳು. ಅವಳದೂ ನಾಲ್ಕು ಸುಳಿವುಗಳಿಗೆ ಹೊಂದುತ್ತದೆ.

"ನನ್ನ ಉತ್ತರದಲ್ಲಿ ತಪ್ಪೆಲ್ಲಿದೆ, ತೋರಿಸಿ ಸಾರ್," ಎನ್ನುತ್ತಾನೆ ಹುಡುಗ.

"ನನ್ನದರಲ್ಲಿಯೂ ತಪ್ಪಿಲ್ಲವಲ್ಲ ಸಾರ್," ಎನ್ನುತ್ತಾಳೆ ಹುಡುಗಿ.

ಇಬ್ಬರ ಮಾತೂ ನಿಜ. ಉತ್ತರಗಳೇ ಪರಸ್ಪರ ವಿರುದ್ಧವಾಗಿವೆ. ಇಬ್ಬರೂ ಒಂದೇ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಹೊಂದುವ ಒಂದು ಕೂಟವನ್ನು ಕಂಡುಹಿಡಿಯುವುದು ಒಂದು ಕೆಲಸ. ಅದನ್ನು ಬಿಟ್ಟು ಬೇರೊಂದು ಹೊಂದುವುದಿಲ್ಲವೆಂದು ತೋರಿಸುವುದು ಇನ್ನೊಂದು. ಮೊದಲನೆಯದು ಜಾಣತನದಿಂದ ಆಗಬಹುದು, ಅದೃಷ್ಟದಿಂದಲೂ ಆಗಬಹುದು. ಎರಡನೆಯದು ಅದೃಷ್ಟದಿಂದ ಆಗುವುದಿಲ್ಲ. ಉದ್ಯೋಗಗಳಿಗಾಗಿ ನಡೆಯುವ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇಂತಹ ಆಸನದ ಪ್ರಶ್ನೆಗಳು ಸಾಮಾನ್ಯವಾಗಿ ಬರುತ್ತವೆ. ಪ್ರಶ್ನೆ ಮಾಡಿದವರು ಒಂದು ಸುಳಿವನ್ನು ಬಿಟ್ಟು, ತಮ್ಮ ಮನಸ್ಸಿನಲ್ಲಿದ್ದ ಒಂದೇ ಕೂಟವನ್ನು ಸರಿಯುತ್ತರವೆಂದು ಬರೆದಿಟ್ಟರೆ, ಉಳಿದ ಎರಡು ಕೂಟಗಳನ್ನು ಕಂಡ ಅಭ್ಯರ್ಥಿಗಳು ತಪ್ಪೇ ಇಲ್ಲದೆ ಅಂಕ ಕಳೆದುಕೊಳ್ಳುತ್ತಾರೆ. ಒಂದು ಅಂಕದಿಂದ ಕೆಲಸ ತಪ್ಪಿದವರಿಗೆ ಇದು ಆಟದ ಮಾತಲ್ಲ. ಆದುದರಿಂದ ಒಗಟನ್ನು ಬಿಡಿಸುವವರಿಗಿಂತಲೂ ಒಗಟನ್ನು ಹೆಣೆಯುವವರ ಹೊಣೆ ಹೆಚ್ಚಿನದು. ಬಿಡಿಸುವವರು ಒಂದು ದಾರಿಯನ್ನು ಹಿಡಿದರೆ ಸಾಕು. ಹೆಣೆಯುವವರು ಎಲ್ಲ ದಾರಿಗಳನ್ನೂ ನಡೆದು ನೋಡಿರಬೇಕು.

ಐದನೆಯ ಸುಳಿವು ಈ ವಿವಾದವನ್ನು ಮುಗಿಸುತ್ತದೆ. ಎಡಕೂಟದಲ್ಲಿ ಹುಣಸೂರಿನ ಹುಡುಗನ ಸ್ಥಾನ ೪. ಅದರ ಪಕ್ಕದ ೫ರಲ್ಲಿ ಕೋಟೆಯ ಹುಡುಗಿ ಇದ್ದಾಳೆ. ಇದು ಸುಳಿವಿಗೆ ವಿರುದ್ಧ. ಆದುದರಿಂದ ಎಡಕೂಟದ ಎರಡೂ ಬಗೆಗಳು ಒಂದೇ ಏಟಿಗೆ ಬಿದ್ದುಹೋಗುತ್ತವೆ. ಮುಂದಿನ ಬೆಂಚಿನ ಹುಡುಗನ ಉತ್ತರವೂ ಅವುಗಳೊಂದಿಗೆ ಹೋಗುತ್ತದೆ. ಬಲಕೂಟದಲ್ಲಿ ಹುಣಸೂರಿನ ಹುಡುಗ ೬ರಲ್ಲಿದ್ದಾನೆ, ಕೋಟೆಯ ಹುಡುಗಿ ೩ರಲ್ಲಿ; ಅವರ ನಡುವೆ ಎರಡು ಕುರ್ಚಿಗಳ ಅಂತರವಿದೆ. ಉಳಿದುದು ಈ ಒಂದೇ ಕೂಟ. ೧ರಿಂದ ಪ್ರದಕ್ಷಿಣೆಯಾಗಿ ನೋಡಿದರೆ ಹುಣಸೂರಿನ ಹುಡುಗಿ, ಪಿರಿಯಾಪಟ್ಟಣದ ಹುಡುಗ, ಕೋಟೆಯ ಹುಡುಗಿ, ಕೆ.ಆರ್. ನಗರದ ಹುಡುಗ, ಪಿರಿಯಾಪಟ್ಟಣದ ಹುಡುಗಿ, ಹುಣಸೂರಿನ ಹುಡುಗ, ಕೆ.ಆರ್. ನಗರದ ಹುಡುಗಿ, ಕೋಟೆಯ ಹುಡುಗ. ೫,೦೪೦, ೧೪೪, ೧೨, ೮, ೩, ೧ ಎಂದು ಗುಡ್ಡ ಕರಗಿ ಬಂದಿದೆ.

ಉತ್ತರ ಬಂದ ಮೇಲೆ ಅದನ್ನು ಮತ್ತೆ ಸುಳಿವುಗಳ ಮುಂದೆ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಹುಡುಗ ಹುಡುಗಿಯರು ಒಬ್ಬರನ್ನು ಬಿಟ್ಟು ಒಬ್ಬರಿದ್ದಾರೆ. ಒಂದೇ ತಾಲ್ಲೂಕಿನವರು ಎಲ್ಲಿಯೂ ಪಕ್ಕಪಕ್ಕದಲ್ಲಿಲ್ಲ. ಹುಣಸೂರಿನವಳ ಎದುರಿಗಿರುವವಳು ಪಿರಿಯಾಪಟ್ಟಣದವಳು. ಕೋಟೆಯವನ ಎಡಕ್ಕೆ ಹುಣಸೂರಿನವಳು. ಹುಣಸೂರಿನವನ ಎರಡು ಪಕ್ಕಗಳಲ್ಲಿ ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರದ ಹುಡುಗಿಯರು.

ಸುಳಿವುಗಳನ್ನು ಕೊಟ್ಟ ಕ್ರಮದಲ್ಲಿಯೇ ಬಳಸಬೇಕೆಂಬ ಕಟ್ಟಳೆಯೇನೂ ಇಲ್ಲ. ಎಡಕೂಟ, ಬಲಕೂಟಗಳೆಂಬ ಎರಡೇ ದಾರಿಗಳಿವೆ ಎಂದು ತಿಳಿದ ಕೂಡಲೇ, ನಾಲ್ಕನೆಯ ಮತ್ತು ಐದನೆಯ ಸುಳಿವುಗಳನ್ನು ಒಟ್ಟಿಗೆ ಹಿಡಿದರೆ ಎಡಕೂಟ ಆಗಲೇ ಅಳಿಸಿಹೋಗುತ್ತದೆ. ಬಳಿಕ ಮೂರನೆಯದು ಉಳಿದ ಒಂದು ಸಂದೇಹವನ್ನು ಪರಿಹರಿಸುತ್ತದೆ. ಆ ಮೂರನೆಯದನ್ನು ಬಿಟ್ಟರೆ ಪಿರಿಯಾಪಟ್ಟಣ, ಕೆ.ಆರ್. ನಗರಗಳ ಹುಡುಗಿಯರು ಹಾಗೂ ಹುಡುಗರು ತಮ್ಮ ತಮ್ಮಲ್ಲಿ ಸ್ಥಾನ ಬದಲಾಯಿಸಿಕೊಂಡ ಇನ್ನೊಂದು ಕೂಟವೂ ಹೊಂದುತ್ತದೆ. ಆದುದರಿಂದ ಇಲ್ಲ ಎಂದು ಹೇಳುವ ಆ ಎರಡು ಸುಳಿವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ.

ಎಡಬಲಗಳನ್ನು ತಪ್ಪಾಗಿ ಹಿಡಿದವರ ಗತಿಯೇನು? ಐದು ಸುಳಿವುಗಳಲ್ಲಿ ದಿಕ್ಕಿನ ಮಾತು ಬರುವುದು ನಾಲ್ಕನೆಯದರಲ್ಲಿ ಮಾತ್ರ. ಎಡವನ್ನು ಅಪ್ರದಕ್ಷಿಣೆಯ ದಿಕ್ಕೆಂದು ತಿಳಿದವರಿಗೆ ಇದೇ ಉತ್ತರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರುತ್ತದೆ. ಪ್ರತಿಯೊಬ್ಬರ ನೆರೆಹೊರೆಯವರು ಅವರೇ, ಎದುರಿನವರೂ ಅವರೇ. ಎಡಗಡೆಯವರು ಬಲಕ್ಕೆ ಬಂದಿರುತ್ತಾರೆ, ಅಷ್ಟೆ. ಆದರೆ ಅವರ ಚಿತ್ರದಲ್ಲಿ ಪಿರಿಯಾಪಟ್ಟಣದ ಹುಡುಗನ ನಿಜವಾದ ಎಡಗಡೆಗೆ ಕೋಟೆಯವಳ ಬದಲು ಹುಣಸೂರಿನವಳು ಇರುತ್ತಾಳೆ. ತರ್ಕದಲ್ಲಿ ಎಲ್ಲಿಯೂ ತಪ್ಪದೆ, ಮೊದಲ ಹೆಜ್ಜೆಯಲ್ಲಿ ಮಾತ್ರ ತಪ್ಪಿದವರ ಉತ್ತರ ಹೀಗಿರುತ್ತದೆ.

ಕಾಲಾಂತರದಲ್ಲಿ ಕೋಟೆ ತಾಲ್ಲೂಕಿನಿಂದ ಸರಗೂರು, ಕೆ.ಆರ್. ನಗರ ತಾಲ್ಲೂಕಿನಿಂದ ಸಾಲಿಗ್ರಾಮ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕುಗಳಾಗಿವೆ. ಅವೆರಡರ ಮಕ್ಕಳನ್ನೂ ಅದೇ ಊಟಕ್ಕೆ ಕರೆದರೆ ಮೇಜಿನ ಸುತ್ತ ಹನ್ನೆರಡು ಕುರ್ಚಿಗಳನ್ನು ಹಾಕಬೇಕು. ಆಗ ಒಟ್ಟು ಕೂಟಗಳು ೩,೯೯,೧೬,೮೦೦. ಮೊದಲಿನ ಎರಡು ಸುಳಿವುಗಳನ್ನು ಹಾಗೆಯೇ ಬಳಸಿದರೆ ಹುಡುಗಿಯರ ಒಂದೊಂದು ಕ್ರಮಕ್ಕೂ ಹುಡುಗರನ್ನು ಎರಡರ ಬದಲು ಎಂಬತ್ತು ಬಗೆಯಲ್ಲಿ ಕೂರಿಸಬಹುದು. ಎಲ್ಲ ಸೇರಿ ೯,೬೦೦ ಕೂಟಗಳು. ಒಬ್ಬನನ್ನು ಕೂರಿಸಿದರೆ ಉಳಿದವರು ತಾವಾಗಿ ಕೂರುವ ಆ ಸರಪಣಿ ಹನ್ನೆರಡು ಕುರ್ಚಿಗಳ ಮೇಜಿನಲ್ಲಿ ಕಡಿದುಹೋಗಿರುತ್ತದೆ.